ಕಂಚು ಮಣ್ಣಿನ ಸದ್ದು ಮಾಡಿದ ಪುಟ

ಚೆಂಬೂರಿನ ನಮ್ಮ ಕಾಲೊನಿಯಲ್ಲಿ ನೀರು ಬರುತ್ತಿದ್ದದ್ದು ಸಂಜೆ ನಾಲ್ಕೂವರೆಗೆ. ಅದಕ್ಕೆ ಮುಂಚೆ ಅಂಗಳದ ನಲ್ಲಿ ಒಂದೆರಡು ಸಲ ಕೆಮ್ಮುತ್ತಿತ್ತು. ನಾನು ಸುದ್ದಿ ತಿದ್ದುವ ಸಬ್ ಎಡಿಟರ್ ಆಗಿದ್ದ ಫೋರ್ಟಿನ ಇಂಗ್ಲಿಷ್ ಪತ್ರಿಕೆಯಲ್ಲಿ ಹೀಗೆ ಬರೆದಿದ್ದರೆ ಚೀಫ್ ಸಬ್ ಆ ಪದಕ್ಕೆ ಗೀಟು ಹಾಕುತ್ತಿದ್ದರು. ನಲ್ಲಿ ಕೆಮ್ಮುವುದಿಲ್ಲ, ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿ ಹೊರಗೆ ಬರುತ್ತದೆ. ಮನುಷ್ಯ ಸತ್ತ ಎಂದು ಬರೆಯಬೇಕಾದರೆ ಯಾರು ಹೇಳಿದರು ಎಂಬುದೂ ಜೊತೆಗಿರಬೇಕು. ಈ ಶಿಸ್ತನ್ನು ಕಲಿತು ಕೆಲವು ವರ್ಷಗಳಾಗಿದ್ದಾಗ, ಅರವತ್ತರ ದಶಕದ ಕೊನೆಯಲ್ಲಿ, ನನ್ನನ್ನು ಒಂದು ಕಾದಂಬರಿ ಓದಲು ಕೂರಿಸಿದರು.

ನನ್ನ ಪಾಳಿ ಸಂಜೆಯದು. ಮಧ್ಯಾಹ್ನ ಮನೆಯಲ್ಲಿರುವ ಗಂಡಸು ಆ ಬಿಲ್ಡಿಂಗಿನಲ್ಲಿ ನಾನೊಬ್ಬನೇ. ಎರಡನೆಯ ಮಾಳಿಗೆಯಲ್ಲಿ ಧಾರವಾಡದ ಕಡೆಯ ವಯಸ್ಸಾದ ಹೆಂಗಸೊಬ್ಬರಿದ್ದರು. ಎಲ್ಲರೂ ಅವರನ್ನು ಆಯಿ ಎಂದು ಕರೆಯುತ್ತಿದ್ದರು. ಅವರ ಮಗ ರಿಫೈನರಿಯಲ್ಲಿ ಕೆಲಸಕ್ಕಿದ್ದ. ಊಟವಾಗಿ ಪಾತ್ರೆ ತೊಳೆದ ಮೇಲೆ ಕನ್ನಡದ ಹೆಂಗಸರು ಆಯಿಯ ಮನೆಯಲ್ಲಿ ಸೇರುತ್ತಿದ್ದರು. ಕನ್ನಡ ಸಂಘದ ಲೈಬ್ರರಿಯಿಂದ ತಂದ ಪುಸ್ತಕವನ್ನು ಒಬ್ಬರು ಓದುವುದು, ಉಳಿದವರು ಸೊಪ್ಪು ಬಿಡಿಸುತ್ತ ಕೇಳುವುದು. ಆಯಿಯ ಕಣ್ಣಿಗೆ ಪೊರೆ ಬಂದಮೇಲೆ ಓದುವವರು ಇಲ್ಲವಾಗಿ, ನನ್ನ ಹೆಂಡತಿ ನನ್ನ ಹೆಸರು ಹೇಳಿದಳು. ಮಧ್ಯಾಹ್ನದ ನಿದ್ದೆ ಹೋಯಿತು.

ಆಯಿಯ ತವರಿನಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಭಾರತ ಓದಿಸುವ ರೂಢಿಯಿತ್ತಂತೆ. ಅಲ್ಲಿ ಒಂದು ನಿಯಮ. ದಿನದ ಓದನ್ನು ಸಾವಿನ ಮೇಲೆ, ಬೆಂಕಿಯ ಮೇಲೆ, ಅಳುವಿನ ಮೇಲೆ ನಿಲ್ಲಿಸಬಾರದು. ಯಾರಾದರೂ ಸತ್ತರೆ ಮುಂದೆ ಒಂದು ಮದುವೆಯೋ ಜನನವೋ ಪಟ್ಟಾಭಿಷೇಕವೋ ಬರುವತನಕ ಓದಿಕೊಂಡು ಹೋಗಬೇಕು. ಇಲ್ಲದಿದ್ದರೆ ಆ ಸಾವು ಕೇಳಿದವರ ಜೊತೆ ಮನೆಗೆ ಹೋಗುತ್ತದೆ. ಪುರಾಣದ ಈ ನಿಯಮವನ್ನು ಆಯಿ ಸಾಮಾಜಿಕ ಕಾದಂಬರಿಗಳಿಗೂ ತಂದು ಹಾಕಿದ್ದರು. ಕಾದಂಬರಿಗಳಲ್ಲಿ ಪಟ್ಟಾಭಿಷೇಕ ಸಿಗುವುದಿಲ್ಲವಾದ್ದರಿಂದ ಸ್ವಲ್ಪ ಸಡಿಲ ಮಾಡಿಕೊಂಡಿದ್ದರು. ಯಾರಾದರೂ ಉಂಡರೆ ಸಾಕು, ದೀಪ ಹಚ್ಚಿದರೆ ಸಾಕು, ಬಾಗಿಲಿಗೆ ನೆಂಟರು ಬಂದರೂ ನಡೆಯುತ್ತಿತ್ತು. ನಿಂತ ಜಾಗಕ್ಕೆ ಉರಿದು ಉಳಿದ ಊದುಬತ್ತಿಯ ಕಡ್ಡಿಯನ್ನು ಗುರುತಿಗೆ ಇಡುತ್ತಿದ್ದರು.

ನಾನು ಮೊದಲ ದಿನವೇ ಒಂದು ಸಾವಿನ ಮೇಲೆ ಪುಸ್ತಕ ಮಡಚಿದೆ. ಆಯಿ ಸೊಪ್ಪಿನಿಂದ ಕಣ್ಣೆತ್ತಲಿಲ್ಲ.

"ತಮ್ಮಾ, ನಿಮ್ಮ ಪೇಪರಿನ್ಯಾಗ ಮಂದಿ ಸತ್ತಲ್ಲೇ ನಿಂದರಸಿ ಬಾಜೂಕ ಸಾಬಾಣದ ಅಡ್ವರ್ಟೈಜ್ ಹಾಕ್ತೀರಿ. ನಮ್ಮ ಮನ್ಯಾಗ ಹಂಗ ನಡಿಯೂದಿಲ್ಲ. ಯಾರರೆ ಉಣ್ಣೂತನಾ ಓದು."

ಕೆಳಗಿನ ಮಾಳಿಗೆಯಲ್ಲಿ ಕಾಲೇಜಿನ ಕನ್ನಡ ಅಧ್ಯಾಪಕಿ ಇದ್ದರು. ಅವರದು ಬೆಳಗಿನ ಕಾಲೇಜು, ಪಾಠ ಮಾಡಿ ದನಿ ಬತ್ತಿರುತ್ತಿದ್ದರಿಂದ ಮಧ್ಯಾಹ್ನ ಕೇಳಲಷ್ಟೇ ಬರುತ್ತಿದ್ದರು. ಲೇಖಕರು ಅಧ್ಯಾಯವನ್ನು ಬೇಕೆಂದೇ ಅಲ್ಲಿ ಕಡಿದಿರುತ್ತಾರೆ, ಮುಂದೆ ಓದಿದರೆ ಅದರ ಪರಿಣಾಮ ಕೆಡುತ್ತದೆ ಎಂದು ಅವರು ನನ್ನ ಪರವಾಗಿ ವಾದಿಸಿದರು. ಆಯಿ ಅವರನ್ನು, ತಮ್ಮ ಊರಿನಲ್ಲಿ ಟೀಚರನ್ನು ಕರೆಯುವ ರೀತಿಯಲ್ಲಿ, ಅಕ್ಕಾವ್ರ ಎನ್ನುತ್ತಿದ್ದರು. ಬರೆದವ ತನ್ನ ಮನೆಯಲ್ಲಿ ಬೇಕಾದಲ್ಲಿ ನಿಲ್ಲಿಸಿಕೊಳ್ಳಲಿ ಅಕ್ಕಾವ್ರ, ಇದು ನನ್ನ ಮನೆ ಎಂದು ಹೇಳಿ ಮುಗಿಸಿದರು. ಆ ಚರ್ಚೆ ಮತ್ತೆ ಏಳಲಿಲ್ಲ.

ಕೇಳಲು ಬರುತ್ತಿದ್ದವರಲ್ಲಿ ಕುಂದಾಪುರದ ಕಡೆಯವರೊಬ್ಬರು. ಗಂಡ ಸರಕು ಹಡಗಿನ ಎಂಜಿನ್ ವಿಭಾಗದಲ್ಲಿ ಫಿಟರ್. ಬಿಲ್ಡಿಂಗಿನವರೆಲ್ಲ ಆಕೆಯನ್ನು ಹಡಗಿನಕ್ಕ ಎನ್ನುತ್ತಿದ್ದರು. ಗಂಡ ವರ್ಷಕ್ಕೊಮ್ಮೆ ರಜೆಯಲ್ಲಿ ಬಂದಾಗ ಹಡಗಿನ ನೀಲಿ ನೈಲಾನ್ ಹಗ್ಗ ತಂದು ಕೇಳಿದವರಿಗೆಲ್ಲ ಅಳತೆ ಮಾಡಿ ಕತ್ತರಿಸಿ ಕೊಡುತ್ತಿದ್ದರು. ಹಾಗಾಗಿ ನಮ್ಮ ಬಿಲ್ಡಿಂಗಿನ ಎಲ್ಲ ಗ್ಯಾಲರಿಗಳಲ್ಲೂ ಬಟ್ಟೆ ಒಣಗುತ್ತಿದ್ದದ್ದು ಆ ಒಂದೇ ಹಗ್ಗದ ತುಂಡುಗಳ ಮೇಲೆ.

ಆ ಸಲದ ಕಾದಂಬರಿ ಹಳೆಯದು. ಓದಿದವರೆಲ್ಲ ತಲೆದೂಗುವ, ಕಾಲೇಜಿನಲ್ಲಿ ಪಠ್ಯವಾಗುವ ಬಗೆಯದು. ನಮ್ಮ ಅಧ್ಯಾಪಕಿಯೇ ಅದನ್ನು ಎಷ್ಟೋ ಸಲ ಪಾಠ ಮಾಡಿದ್ದರು. ಕಂಚುಗಾರರ ಮನೆತನದ ಕಥೆ. ಗಂಡ ಪಾತ್ರೆಗಳನ್ನು ಹೇರಿಕೊಂಡು ದೂರದ ಸಂತೆಗಳಿಗೆ ಹೋಗುತ್ತಾನೆ. ತಾನೇ ಎರಕ ಹೊಯ್ದ ಒಂದು ಕಂಚಿನ ತಂಬಿಗೆಯನ್ನು ಹೆಂಡತಿಗೆಂದು ಗೂಡಿನಲ್ಲಿ ಇಟ್ಟು ಹೋಗಿರುತ್ತಾನೆ. ಆಕೆ ದಿನವೂ ಸಂಜೆ ಅದನ್ನು ಬೆರಳಿನಿಂದ ಒಮ್ಮೆ ತಟ್ಟುತ್ತಾಳೆ. ಅದು ಮೊಳಗುತ್ತದೆ. ಆಮೇಲೆ ಒಲೆ ಹೊತ್ತಿಸುತ್ತಾಳೆ. ಲೇಖಕರು ಇದನ್ನು ಎಲ್ಲಿಯೂ ವಿವರಿಸುವುದಿಲ್ಲ. ಆದರೆ ಅಧ್ಯಾಯ ಅಧ್ಯಾಯಕ್ಕೂ ಆ ಸದ್ದು ಬರುತ್ತದೆ. ಕಚೇರಿಯಲ್ಲಿ ನನ್ನ ಮೇಜಿಗೆ ಬಂದಿದ್ದರೆ ಅದನ್ನು ಒಂದು ಸಲ ಉಳಿಸಿ ಬಾಕಿಯೆಲ್ಲ ಕತ್ತರಿಸುತ್ತಿದ್ದೆ. ಗಟ್ಟಿಯಾಗಿ ಓದುವಾಗ ಮಾತ್ರ ಆ ಜಾಗ ಬರುವ ಮೊದಲೇ ಕೇಳುವವರ ಕೈಗಳು ಸೊಪ್ಪಿನ ಮೇಲೆ ನಿಲ್ಲುವುದು ನನಗೆ ಕಾಣುತ್ತಿತ್ತು.

ಪುಸ್ತಕ ಮುಕ್ಕಾಲು ಮುಗಿದಿತ್ತು. ಮಳೆಗಾಲದ ಆರಂಭ. ಕೊಲ್ಲಿಯ ಕಡೆಯಿಂದ ಹೊರಟಿದ್ದ ಒಂದು ಸಣ್ಣ ಸರಕು ಹಡಗು ಅರಬ್ಬಿ ಸಮುದ್ರದಲ್ಲಿ ರೇಡಿಯೊ ಸಂಪರ್ಕ ಕಳೆದುಕೊಂಡಿದೆ ಎಂಬ ಸುದ್ದಿ ಟೆಲಿಪ್ರಿಂಟರಿನಲ್ಲಿ ಬಂತು. ಅದನ್ನು ತಿದ್ದಿದವನು ನಾನೇ. ನಾಲ್ಕು ಸಾಲು, ಒಳಪುಟ. ಹಡಗಿನ ಹೆಸರು ನೋಡಿದಾಗಲೇ ಅದು ಹಡಗಿನಕ್ಕನ ಗಂಡ ಇದ್ದ ಹಡಗು ಎಂದು ಗೊತ್ತಾಗಿತ್ತು. ಸುದ್ದಿ ಏಜೆನ್ಸಿಯವರು ಒಂದು ಕಡೆ ಮುಳುಗಿರಬಹುದು ಎಂದು ಸೇರಿಸಿದ್ದರು. ಮೂಲ ಹೇಳಿರಲಿಲ್ಲವಾದ್ದರಿಂದ ಆ ಪದವನ್ನು ಚೀಫ್ ಸಬ್ ತೆಗೆಸಿದರು. ಯಾವ ವರದಿಗಾದರೂ ಹಾಗೆಯೇ ಮಾಡುತ್ತಿದ್ದರು.

ಮರುದಿನ ಮಧ್ಯಾಹ್ನ ಹಡಗಿನಕ್ಕ ಯಾರೋ ಗುರುತು ಹಾಕಿಕೊಟ್ಟ ಪತ್ರಿಕೆ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು. ಆಕೆಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ.

"ಎಂತ ಬರ್ದಿದ್ದೀರಿ ಅಣ್ಣ ಇದ್ರಲ್ಲಿ?"

ಹಡಗಿನ ಜೊತೆ ಸಂಪರ್ಕ ಸಿಗುತ್ತಿಲ್ಲ, ಹುಡುಕುತ್ತಿದ್ದಾರೆ ಎಂದೆ.

"ಅಷ್ಟೇ ಅಲ್ವ?"

"ಅಷ್ಟೇ."

ಆಕೆ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಸೆರಗಿನಲ್ಲಿ ಇಟ್ಟುಕೊಂಡರು. ಬಲಾರ್ಡ್ ಪಿಯರಿನ ಹತ್ತಿರದ ಕಂಪನಿ ಆಫೀಸಿಗೆ ನಾನೂ ಜೊತೆಗೆ ಹೋದೆ. ಅಲ್ಲಿಯೂ ಅಷ್ಟೇ ಮಾತು. ಆಕೆ ಊರಿಗೆ ಹೋಗಲಿಲ್ಲ, ಮಲಗಿಬಿಡಲಿಲ್ಲ, ಮಗಳನ್ನು ಶಾಲೆಗೆ ಕಳಿಸುವುದು ಬಿಡಲಿಲ್ಲ. ಕೆಲವು ದಿನ ಬಿಟ್ಟು ಓದಿಗೂ ಬಂದು ಕೂತರು.

ಅಧ್ಯಾಪಕಿ ಅಂದು ನನ್ನನ್ನು ಮೆಟ್ಟಿಲಲ್ಲಿ ತಡೆದು ನಿಲ್ಲಿಸಿ ಮುಂದೇನು ಬರುತ್ತದೆ ಎಂದು ಹೇಳಿದರು. ಒಂದು ಸಂಜೆ ಆ ಹೆಂಗಸು ತಂಬಿಗೆಯನ್ನು ತಟ್ಟುತ್ತಾಳೆ. ಕಂಚು ಮಣ್ಣಿನ ಸದ್ದು ಮಾಡುತ್ತದೆ. ಎಲ್ಲಿಯೋ ಕೂದಲೆಳೆಯಷ್ಟು ಬಿರುಕು. ಆಕೆ ಅದನ್ನು ಒರೆಸಿ ಗೂಡಿನಲ್ಲಿಡುತ್ತಾಳೆ. ಆ ಸಂಜೆ ಒಲೆ ಹೊತ್ತಿಸಿದಳೋ ಇಲ್ಲವೋ ಎಂದೂ ಬರೆದಿಲ್ಲ, ಅಧ್ಯಾಯ ಅಲ್ಲಿಗೆ ಮುಗಿಯುತ್ತದೆ. ಗಂಡ ಮತ್ತೆ ಕಥೆಯಲ್ಲಿ ಬರುವುದಿಲ್ಲ. ಅವನ ಸಾವನ್ನು ಹೇಳುವ ಒಂದೇ ಒಂದು ವಾಕ್ಯವೂ ಪುಸ್ತಕದಲ್ಲಿ ಇಲ್ಲ, ಆದರೆ ಅವನು ಸತ್ತದ್ದು ಓದುಗರೆಲ್ಲರಿಗೂ ಗೊತ್ತಾಗುತ್ತದೆ, ಇದನ್ನೇ ನಾನು ಸಂಕೇತಕ್ಕೆ ಉದಾಹರಣೆಯಾಗಿ ಪ್ರತಿ ವರ್ಷ ಹೇಳುವುದು ಎಂದರು. ಹೇಳುವಾಗ ಅವರ ದನಿ ಪಾಠದ ದನಿಯಾಗಿರಲಿಲ್ಲ.

ಪುಸ್ತಕ ಬದಲಾಯಿಸೋಣ ಎಂದು ಅವರು ಆಯಿಯನ್ನು ಕೇಳಿನೋಡಿದರು. ನಡುವೆ ಬಿಡುವುದು ಸಾವಿನ ಮೇಲೆ ನಿಲ್ಲಿಸುವುದಕ್ಕಿಂತ ಕೆಟ್ಟದ್ದು ಎಂದು ಆಯಿ ಒಪ್ಪಲಿಲ್ಲ. ಕೊನೆಗೆ ನಾವಿಬ್ಬರೂ ಒಂದು ಲೆಕ್ಕ ಹಾಕಿದೆವು. ಆ ಅಧ್ಯಾಯದ ನಂತರದ್ದು ಒಂದು ಮಗುವಿನ ತೊಟ್ಟಿಲು ಹಾಕುವುದರಿಂದ ಶುರುವಾಗುತ್ತದೆ. ಎರಡನ್ನೂ ಒಂದೇ ಮಧ್ಯಾಹ್ನ, ನಡುವೆ ಉಸಿರು ತೆಗೆದುಕೊಳ್ಳದೆ ಓದಿಬಿಡಬೇಕು. ಆಯಿಯ ನಿಯಮವೂ ಉಳಿಯುತ್ತದೆ, ಆ ಪುಟವೂ ದಾಟುತ್ತದೆ.

ಆ ದಿನ ಬೇಗ ಶುರು ಮಾಡಿದೆ. ಹೊರಗೆ ಮಳೆ ಹೊಯ್ಯುತ್ತಿತ್ತು, ಗ್ಯಾಲರಿಯ ನೀಲಿ ಹಗ್ಗದಿಂದ ಹನಿ ಬೀಳುತ್ತಿತ್ತು. ತಟ್ಟುವ ಸಾಲು ಬಂತು. ನಾನು ನಿಲ್ಲದೆ, ಸುದ್ದಿ ಓದುವ ಹಾಗೆ ಓದಿದೆ. ಮಣ್ಣಿನ ಸದ್ದು ಎಂಬ ಮಾತು ಬಂತು, ಒರೆಸಿ ಇಟ್ಟದ್ದು ಬಂತು. ಹಾಳೆ ತಿರುಗಿಸಲು ಬೆರಳು ಇಟ್ಟಿದ್ದೆ. ಅಂಗಳದಲ್ಲಿ ನಲ್ಲಿ ಕೆಮ್ಮಿತು. ಕೆಳಗಿನಿಂದ ಮಕ್ಕಳು ಕೂಗಿದರು, "ಪಾಣೀ ಆಲಂ!" ಆ ದಿನ ನೀರು ಮುಕ್ಕಾಲು ಗಂಟೆ ಮೊದಲೇ ಬಂದಿತ್ತು.

ಯಾರೂ ಏಳಲಿಲ್ಲ. ನೀರು ಬಂದೂ ಕೂತಿರುವುದು ಆ ಬಿಲ್ಡಿಂಗಿನಲ್ಲಿ ಆಗುವ ಸಂಗತಿಯಲ್ಲ. ಆಯಿ ಕುತ್ತಿಗೆ ಚಾಚಿ ನನ್ನನ್ನು ಕೇಳಿದರು, "ಅಂದರ ಸತ್ತನೇನು ಅಂವಾ?"

ಪುಸ್ತಕದಲ್ಲಿ ಹಾಗೆ ಬರೆದಿಲ್ಲ ಎಂದೆ. ಕಚೇರಿಯಲ್ಲಿ ಕೊಡುತ್ತಿದ್ದ ಉತ್ತರವೇ ಅದು. ಆಯಿ ಅಧ್ಯಾಪಕಿಯ ಕಡೆ ತಿರುಗಿದರು. ಅಧ್ಯಾಪಕಿ ಮಡಿಲಿನಲ್ಲಿದ್ದ ಕೈ ನೋಡಿಕೊಂಡು, ಅದು ಸಂಕೇತ ಆಯಿ, ಎಂದಷ್ಟೇ ಹೇಳಿದರು.

"ಸಂಕೇತ ಇರ್ಲಿ ಅಕ್ಕಾವ್ರ. ಸತ್ತಿದ್ರ ಮುಂದ ಓದಬೇಕು. ಸಾಯದಿದ್ರ ಇಲ್ಲೆ ನಿಂದರಸಬೇಕು, ನೀರು ಬಂದದ. ಎರಡರಾಗ ಒಂದು ಹೇಳ್ರಿ."

ಆಗ ಹಡಗಿನಕ್ಕ ಮಾತಾಡಿದರು. ಮಡಿಲಲ್ಲಿದ್ದ ಸೊಪ್ಪನ್ನು ಮೊರಕ್ಕೆ ಹಾಕಿ, ಸೆರಗು ಕೊಡವಿಕೊಂಡು ಎದ್ದು ನಿಂತು ಹೇಳಿದರು.

"ಚೆಂಬು ಒಡ್ದದ್ದು ಆಯಿ. ಬೆಕ್ಕು ಬೀಳಿಸಿರ್ಬಹುದು. ಯಾರೂ ಸಾಯ್ಲಿಲ್ಲ. ಇಲ್ಲಿಯೇ ನಿಲ್ಲಿಸಿ ಅಣ್ಣ."

ನಾವು ಹಾಕಿದ ಲೆಕ್ಕದಲ್ಲಿ ಇದೊಂದು ಇರಲಿಲ್ಲ. ಮುಂದೆ ಓದುವುದೇ ಆಕೆಯ ಮೇಲಿನ ಕರುಣೆ ಎಂದುಕೊಂಡಿದ್ದೆವು. ಮುಂದೆ ಓದಿದರೆ ಅದು ಸಾವು ಎಂದು ಎಲ್ಲರೂ ಒಪ್ಪಿದಂತೆ, ಅಲ್ಲಿಯೇ ನಿಲ್ಲಿಸಿದರೆ ಅದು ಬರಿಯ ತಂಬಿಗೆ. ಆಯಿ ಕೈಯಿಂದ ತಡವಿ ಊದುಬತ್ತಿಯ ಕಡ್ಡಿಯನ್ನು ನನಗೆ ಕೊಟ್ಟರು. ನಾನು ಆ ಪುಟದಲ್ಲಿಟ್ಟು ಮಡಚಿದೆ. ಎಲ್ಲರೂ ನೀರಿಗೆ ಇಳಿದರು.

ಆ ಪುಸ್ತಕವನ್ನು ಬಹುಕಾಲ ಯಾರೂ ತೆರೆಯಲಿಲ್ಲ. ಮರುದಿನ ಯಾರೂ ಕೇಳಲಿಲ್ಲ. ಅಧ್ಯಾಪಕಿ ಬೇರೊಂದು ಪುಸ್ತಕ ತಂದರು, ನಾನು ಓದಿದೆ. ಲೈಬ್ರರಿಗೆ ಇನ್ನೊಂದು ಪ್ರತಿ ಕೊಂಡುಕೊಟ್ಟೆ. ಹಳೆಯದು ಆಯಿಯ ದೇವರ ಗೂಡಿನ ಪಕ್ಕದ ಹಲಗೆಯ ಮೇಲೆ, ಕಡ್ಡಿಯ ತುದಿ ಹೊರಗೆ ಕಾಣುವಂತೆ, ಹಾಗೆಯೇ ಉಳಿಯಿತು. ಧೂಳು ಹೊಡೆಯುವಾಗ ಆಯಿಯ ಸೊಸೆ ಅದನ್ನು ಎತ್ತದೆ ಸುತ್ತಲೂ ಒರೆಸುತ್ತಿದ್ದಳು.

ಅದಾದ ಕೆಲವು ದಿನಗಳಲ್ಲಿ ನಲ್ಲಿಯ ಕೆಳಗಿನ ಕಲ್ಲಿನ ಮೇಲೆ ಒಂದು ಗೋಣಿಯ ತುಂಡು ಕಾಣಿಸಿತು. ಯಾರು ಹಾಸಿದರೋ ಗೊತ್ತಾಗಲಿಲ್ಲ. ಹಿತ್ತಾಳೆ ಕೊಡಗಳನ್ನು ಅದರ ಮೇಲೆ ಇಡತೊಡಗಿದರು. ಸದ್ದು ನಿಂತಿತು. ಹರಿದಾಗ ಇನ್ನೊಂದು ಗೋಣಿ ಬರುತ್ತಿತ್ತು. ನಮ್ಮ ಮನೆಯಲ್ಲಿಯೂ ನನ್ನ ಹೆಂಡತಿ ತೊಳೆದ ಪಾತ್ರೆಗಳನ್ನು ಒಂದೊಂದಾಗಿ ಬಟ್ಟೆಯ ಮೇಲೆ ಕವುಚಿ ಹಾಕುವುದನ್ನು ಕಂಡೆ. ಸಂಜೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಪಾತ್ರೆ ಅಂಗಡಿಯೊಂದಿತ್ತು. ಅಲ್ಲಿ ಗಿರಾಕಿಗಳು ಕೊಳ್ಳುವ ಮೊದಲು ಗೆಣ್ಣಿನಿಂದ ಕೊಡವನ್ನು ತಟ್ಟಿ ಕಿವಿಗೊಡುವುದು ಮುಂಚಿನಿಂದಲೂ ಇತ್ತು. ನಾನು ಮಾತ್ರ ರಸ್ತೆಯ ಆಚೆ ಬದಿಯಲ್ಲಿ ನಡೆಯತೊಡಗಿದೆ. ಕಚೇರಿಯಲ್ಲಿ ಟೆಲಿಪ್ರಿಂಟರಿನ ಹಾಳೆ ಹರಿಯುವಾಗ ಹಡಗುಗಳ ಸುದ್ದಿಯನ್ನು ಮೊದಲು ನೋಡುವ ಅಭ್ಯಾಸವಾಯಿತು. ಆ ಹಡಗಿನ ಹೆಸರು ಮತ್ತೆ ಬರಲಿಲ್ಲ. ಒಂದು ಹಲಗೆಯಾಗಲಿ, ದೋಣಿಯಾಗಲಿ ಸಿಗಲಿಲ್ಲ. ಕಂಪನಿಯ ಮಾತೂ ಬದಲಾಗಲಿಲ್ಲ.

ಹಡಗಿನಕ್ಕ ಕುಂಕುಮ ಇಡುತ್ತಿದ್ದರು, ಹೂ ಮುಡಿಯುತ್ತಿದ್ದರು, ಹೊಲಿಗೆ ಕೆಲಸ ಹಿಡಿದರು. ಸಂಜೆ ಗ್ಯಾಲರಿಯಲ್ಲಿ ನಿಂತರೆ ರಿಫೈನರಿಯ ಚಿಮಣಿಯ ಮೇಲಿನ ಬೆಂಕಿ ಕಾಣುತ್ತಿತ್ತು, ಮಳೆಗೂ ಆರದ್ದು. ಅದು ಉರಿಯುವವರೆಗೆ ಯಾರ ಮನೆಗೂ ನಂದಾದೀಪ ಬೇಡ ಎಂದು ಆಯಿ ಹಿಂದೆ ತಮಾಷೆ ಮಾಡುತ್ತಿದ್ದರು. ಈಗ ಆ ಮಾತು ಆಡುವುದನ್ನು ಬಿಟ್ಟಿದ್ದರು.

ವರ್ಷಗಳು ಹೀಗೆ ಹೋದವು. ಎಪ್ಪತ್ತರ ದಶಕದ ನಡುವೆ ಆಕೆಯ ಮೈದುನ ಊರಿನಿಂದ ಬಂದರು. ಸಾಧು ಮನುಷ್ಯ. ಹಿಂದೆ ಒಮ್ಮೆ ಬಂದಿದ್ದಾಗ ಮಾತು ಎತ್ತಲಾಗದೆ ಹಿಂತಿರುಗಿದ್ದರು. ಈ ಸಲ ಅವರ ತಾಯಿ ಹಾಸಿಗೆ ಹಿಡಿದಿದ್ದರು. ಕಣ್ಣು ಮುಚ್ಚುವ ಮೊದಲು ಹಿರಿಮಗನ ಕರ್ಮ ಆಗಿಹೋಗಲಿ ಎಂಬುದು ಮುದುಕಿಯ ಹಟ. ದೇಹ ಸಿಗದವರಿಗೆ ಮಾಡುವ ಕ್ರಮ ಒಂದಿದೆ. ದರ್ಭೆ ಮತ್ತು ಮುತ್ತುಗದ ಎಲೆಗಳಿಂದ ಮನುಷ್ಯನ ಆಕಾರ ಮಾಡಿ, ತಲೆಯ ಜಾಗಕ್ಕೆ ತೆಂಗಿನಕಾಯಿ ಇಟ್ಟು, ಅದನ್ನು ಚಿತೆಯ ಮೇಲೆ ಸುಡುತ್ತಾರೆ. ಅತ್ತಿಗೆ ಹೂಂ ಎನ್ನದೆ ನಾನು ಕೈಹಾಕುವುದಿಲ್ಲ ಎಂದು ಮೈದುನ ನಮ್ಮೆಲ್ಲರ ಎದುರಿಗೇ ಹೇಳಿದರು.

ಎರಡು ದಿನ ಬಿಟ್ಟು ಹಡಗಿನಕ್ಕ ಅಧ್ಯಾಪಕಿಯ ಮನೆಗೆ ಹೋದರಂತೆ. ಕೇಳಿದ್ದು ಒಂದೇ ಪ್ರಶ್ನೆ. ಅಧ್ಯಾಪಕಿ ಅದನ್ನು ನನಗೆ ಆಮೇಲೆ ಹೇಳಿದರು.

"ಆ ಎಲೆಯ ಮನುಷ್ಯ, ಅದೂ ನಿಮ್ಮ ಸಂಕೇತವಾ ಟೀಚರ್?"

"ಸಂಕೇತವೇ ಅಕ್ಕ. ಬೂದಿ ಮಾತ್ರ ನಿಜವಾದದ್ದು."

ಹಾಗೆ ಹೇಳಬಾರದಿತ್ತೇನೋ ಎಂದು ಅಧ್ಯಾಪಕಿ ನನ್ನನ್ನು ಕೇಳಿದರು.

ಮರುದಿನ ಮಧ್ಯಾಹ್ನ ಆಯಿಯ ಮನೆಯಲ್ಲಿ ನಾಲ್ಕೇ ಜನ. ಆಯಿ ಈಗ ಮಂಚದ ಮೇಲೆಯೇ ಇರುತ್ತಿದ್ದರು. ಹಡಗಿನಕ್ಕ ಒಳಗೆ ಬಂದು ನೇರವಾಗಿ ಹಲಗೆಯ ಬಳಿಗೆ ಹೋಗಿ ಆ ಪುಸ್ತಕ ತೆಗೆದು, ಸೆರಗಿನಿಂದ ಧೂಳು ಒರೆಸಿ ನನ್ನ ಮುಂದೆ ಇಟ್ಟರು.

"ಮುಂದೆ ಓದಿ ಅಣ್ಣ."

ಅದು ಮೈದುನನಿಗೆ ಹೂಂ ಎಂದ ಹಾಗೆ ಎಂದು ನಮಗೆಲ್ಲ ಅರ್ಥವಾಯಿತು. ಆಯಿ ತಲೆದಿಂಬಿನಿಂದ ಸ್ವಲ್ಪ ಎದ್ದು, ಕೂಸ, ಇನ್ನೊಮ್ಮೆ ವಿಚಾರ ಮಾಡು ಎಂದರು. ಮಾಡಿ ಆಯ್ತು ಆಯಿ ಎಂದರು ಆಕೆ.

ನಾನು ಕಡ್ಡಿ ತೆಗೆದೆ. ಅದಿದ್ದ ಜಾಗದಲ್ಲಿ ಕಾಗದದ ಮೇಲೆ ಕಂದು ಬಣ್ಣದ ಗೆರೆ ಉಳಿದಿತ್ತು. ಹಾಳೆ ತಿರುಗಿಸಿ ತೊಟ್ಟಿಲಿನ ಅಧ್ಯಾಯ ಓದಿದೆ. ಆಮೇಲೆ ಕೊನೆಯದು. ಮುದುಕಿಯಾದ ಆ ಹೆಂಗಸು ಬಿರುಕು ಬಿಟ್ಟ ತಂಬಿಗೆಯನ್ನು ತಾನೇ ಕುಲುಮೆಗೆ ಒಯ್ದು ಕೊಡುತ್ತಾಳೆ. ಕಂಚುಗಾರರಲ್ಲಿ ಒಡೆದ ಕಂಚನ್ನು ಎಸೆಯುವುದಿಲ್ಲ, ಕರಗಿಸಿ ಮತ್ತೆ ಎರಕ ಹೊಯ್ಯುತ್ತಾರೆ. ಹೊಸ ತಂಬಿಗೆ ಬರುತ್ತದೆ. ಮೊಮ್ಮಗಳು ಅದನ್ನು ತಟ್ಟುತ್ತಾಳೆ, ಸದ್ದು ಬೀದಿಯ ತುದಿಯವರೆಗೆ ಹೋಗುತ್ತದೆ. ಪುಸ್ತಕ ಅಲ್ಲಿಗೆ ಮುಗಿಯುತ್ತದೆ.

ಹಡಗಿನಕ್ಕ ಕೇಳಿದರು. "ಹಳೇ ಶಬ್ದವೇ ಬಂತು ಅಂತ ಬರ್ದಿದ್ದಾರಾ?"

ನಾನು ಮತ್ತೊಮ್ಮೆ ಕೊನೆಯ ಪುಟವನ್ನು ಕಣ್ಣಲ್ಲಿ ಓದಿದೆ. ಬರೆದಿರಲಿಲ್ಲ. ಹಾಗೆಂದೆ.

"ಅವರು ಸತ್ತದ್ದು?"

"ಅದನ್ನೂ ಬರೆದಿಲ್ಲ ಅಕ್ಕ. ಕೊನೆಯವರೆಗೂ ಬರೆದಿಲ್ಲ."

ಆಕೆ ತಲೆಯಾಡಿಸಿದರು. ಆಯಿ ತಮ್ಮ ಇಷ್ಟು ವರ್ಷಗಳ ಅಧಿಕಾರವನ್ನು ಬಿಟ್ಟು, ಇಲ್ಲಿ ನಿಲ್ಲಿಸಬಹುದೇನು ಎಂದು ಆಕೆಯನ್ನೇ ಕೇಳಿದರು. ಮುಗೀತಲ್ಲ ಆಯಿ, ನಿಲ್ಲಿಸದೆ ಎಂತ ಮಾಡುವುದು ಎಂದು ಆಕೆ ಹೇಳಿದರು. ಪುಸ್ತಕ ಮುಗಿದ ದಿನ ಮಂಗಳ ಹಾಡುವುದು ಆಯಿಯ ಪದ್ಧತಿ. ಅಂದು ಅವರಿಗೆ ಒಂದು ಸಾಲಿಗಿಂತ ಮುಂದೆ ದನಿ ಏಳಲಿಲ್ಲ. ಉಳಿದದ್ದನ್ನು ಅಧ್ಯಾಪಕಿ ಮುಗಿಸಿದರು.

ಹಡಗಿನಕ್ಕ ಮೈದುನನ ಜೊತೆ ಊರಿಗೆ ಹೋದರು. ಬರುವಾಗ ಹಣೆ ಬರಿದಾಗಿತ್ತು. ಬಂದ ದಿನವೇ ಸಂಜೆ ನೀರಿಗೆ ಇಳಿದರು. ಅವರಿಗೆ ದಾರಿ ಬಿಡಲು ಎಲ್ಲರೂ ಪಕ್ಕಕ್ಕೆ ಸರಿದರು. ನಾನು ಕಚೇರಿಗೆ ಹೊರಟವನು ಮೆಟ್ಟಿಲ ಬುಡದಲ್ಲಿದ್ದೆ. ಆಕೆ ಬಗ್ಗಿ ಕಲ್ಲಿನ ಮೇಲಿದ್ದ ಒದ್ದೆ ಗೋಣಿಯನ್ನು ಎತ್ತಿ, ಹಿಂಡಿ, ಗೋಡೆಯ ಮೇಲೆ ಹರವಿದರು. ಕೊಡವನ್ನು ಬರಿಯ ಕಲ್ಲಿನ ಮೇಲೆ ಇಟ್ಟರು. ಹಿತ್ತಾಳೆ ಮೊಳಗಿತು. ಆ ಅಂಗಳದಲ್ಲಿ ಆ ಸದ್ದು ಕೇಳಿ ಎಷ್ಟೋ ವರ್ಷಗಳಾಗಿದ್ದವು. ನಲ್ಲಿಯ ಬಳಿ ಇದ್ದ ಹೆಂಗಸರೆಲ್ಲ ಅದು ಅಡಗುವತನಕ ಹಾಗೆಯೇ ನಿಂತಿದ್ದರು. ಆಮೇಲೆ ನೀರು ತುಂಬುವ ಸದ್ದು ಅದನ್ನು ಮುಚ್ಚಿತು.

ನಾನು ಹಾರ್ಬರ್ ಲೈನಿನ ಗಾಡಿ ಹಿಡಿದು ಕೆಲಸಕ್ಕೆ ಹೋದೆ. ಮೇಜಿನ ಮೇಲೆ ಟೆಲಿಪ್ರಿಂಟರಿನ ಹಾಳೆಗಳು ಬಿದ್ದಿದ್ದವು. ಅಭ್ಯಾಸದಂತೆ ಹಡಗುಗಳ ಸುದ್ದಿಯನ್ನೇ ಮೊದಲು ನೋಡಿದೆ. ಆ ಹಡಗಿನ ಬಗ್ಗೆ ನಮ್ಮ ಪತ್ರಿಕೆಯಲ್ಲಿ ಬಂದದ್ದು ನಾನು ತಿದ್ದಿದ ಆ ನಾಲ್ಕು ಸಾಲು ಮಾತ್ರ.